ಹಳೇ ಕಾರಿಗೆ ಯಾವ ಎಂಜಿನ್ ಆಯಿಲ್? ಮೊದಲು ಕಡ್ಡಿ ಎಳೆದು ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿದ್ದೆ. ಕಾರು ಅಪ್ಪ ಕೊಂಡಿದ್ದ 1998ರ ಮಾರುತಿ 800, ಕಾರ್ಬುರೇಟರ್ ಇರುವ ಮಾಡೆಲ್. ಆನಗೋಡು ದಾಟಿ ಭರಮಸಾಗರದ ಹತ್ತಿರ ಮಜ್ಜಿಗೆ ಕುಡಿಯೋಣ ಅಂತ ನಿಲ್ಲಿಸಿದೆ. ಎಂಜಿನ್ ಆಫ್ ಮಾಡುವ ಮುಂಚೆ ಕಣ್ಣಿಗೆ ಬಿತ್ತು: ಮೀಟರಿನಲ್ಲಿ ಆಯಿಲ್ ಕ್ಯಾನಿನ ಚಿತ್ರದ ಕೆಂಪು ದೀಪ ಮಿಣುಕುತ್ತಿದೆ. ಸ್ವಲ್ಪ ರೇಸ್ ಕೊಟ್ಟರೆ ಆರುತ್ತದೆ. ಕಾಲು ತೆಗೆದರೆ ಮತ್ತೆ ಮಿಣುಕುತ್ತದೆ.

ಮಾರನೇ ದಿನ ಒಂದು ಗ್ಯಾರೇಜಿಗೆ ಹೋದೆ. "ಹಳೇ ಗಾಡಿ ಅಲ್ವಾ ಸರ್, ಎಂಜಿನ್ ಸವೆದಿದೆ. ದಪ್ಪ ಆಯಿಲ್, 20ಡಬ್ಲ್ಯು-50 ಹಾಕಿಬಿಡೋಣ, ದೀಪ ಹೋಗುತ್ತೆ" ಅಂದರು. ಹಾಕಿದರು. ದೀಪ ಹೋಯಿತು. ಮೂರು ವಾರಕ್ಕೆ ವಾಪಸ್ ಬಂತು. ಈ ಸಲ ಮೊದಲಿಗಿಂತ ಜಾಸ್ತಿ ಮಿಣುಕುತ್ತಿತ್ತು. ಒಳಗೆ ಮೊದಲಿಗಿಂತ ದಪ್ಪ ಆಯಿಲ್ ಇದ್ದೂ ಹೀಗೆ!

ಕೊನೆಗೆ ಗೊತ್ತಾಯಿತು, ದೋಷ ಇದ್ದದ್ದು ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ತಳ್ಳುವ, ಕಾರಿನದೇ ಪಂಪಿನಲ್ಲಿ. ಪಂಪಿನ ಒಳಗಿನ ಡಯಾಫ್ರಮ್ (ತೆಳು ಪರದೆ) ಹರಿದು ಪೆಟ್ರೋಲ್ ಹನಿಹನಿಯಾಗಿ ಎಂಜಿನ್ ಆಯಿಲ್‌ಗೆ ಸೇರುತ್ತಿತ್ತು. ಎಷ್ಟೇ ದಪ್ಪ ಆಯಿಲ್ ಹಾಕಿದರೂ ಪೆಟ್ರೋಲ್ ಬೆರೆತರೆ ಅದು ನೀರಾಗುತ್ತದೆ. ಅದಕ್ಕೇ "ಹಳೇ ಕಾರಿಗೆ ಯಾವ ಆಯಿಲ್ ಹಾಕಲಿ" ಅಂತ ಯಾರಾದರೂ ಕೇಳಿದರೆ, "ಈಗ ಒಳಗಿರುವ ಆಯಿಲ್ ಹೇಗಿದೆ" ಅಂತ ನಾನು ತಿರುಗಿ ಕೇಳುತ್ತೇನೆ.

ಕಡ್ಡಿ ಏನು ಹೇಳುತ್ತದೆ

ರಾತ್ರಿಯೆಲ್ಲಾ ಗಾಡಿ ನಿಂತಿರಬೇಕು. ಜಾಗ ಸಮತಟ್ಟಾಗಿರಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆಯಿರಿ. ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಎರಡನೇ ಸಲ ಎಳೆದಾಗ ಕಾಣುವುದೇ ಲೆಕ್ಕ.

ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಬಹಳಷ್ಟು ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಇರುವ ಅಂತರ ಸುಮಾರು 1 ಲೀಟರ್. ಕೆಳಗಿನ ಗುರುತಿಗಿಂತ ಕೆಳಗಿದ್ದರೆ ಗ್ರೇಡಿನ (ಆಯಿಲ್ ಎಷ್ಟು ದಪ್ಪ ಅನ್ನುವ) ಮಾತು ಆಮೇಲೆ. ಮೊದಲು ಮೇಲಿನ ಗುರುತಿನವರೆಗೆ ತುಂಬಿಸಿ, ಆಮೇಲೆ ಅದು ಎಲ್ಲಿಗೆ ಹೋಗುತ್ತಿದೆ ಅಂತ ಹುಡುಕಿ.

ಮಟ್ಟ ಇಳಿದರೆ ಎಲ್ಲರೂ ಗಮನಿಸುತ್ತಾರೆ. ಏರಿದರೆ ಯಾರೂ ಗಮನಿಸುವುದಿಲ್ಲ. ನನ್ನ ಕಾರಿನಲ್ಲಿ ಆಗಿದ್ದು ಅದೇ. ಆಯಿಲ್ ಹಾಕಿಸಿದಾಗ ಮೇಲಿನ ಗುರುತಿಗೆ ಸರಿಯಾಗಿತ್ತು. ಮೂರು ವಾರದಲ್ಲಿ ಅದರ ಮೇಲೆ ಒಂದು ಬೆರಳಿನಷ್ಟು ಏರಿತ್ತು. "ಚೆನ್ನಾಗಿ ಇದೆಯಲ್ಲ, ಕಡಿಮೆ ಆಗಿಲ್ಲ" ಅಂದುಕೊಂಡು ಬಿಟ್ಟಿದ್ದೆ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಹೆಚ್ಚಿದೆ ಅಂದರೆ ಒಳಗೆ ಇನ್ನೇನೋ ಸೇರುತ್ತಿದೆ. ಒಂದೋ ಪೆಟ್ರೋಲ್, ಇಲ್ಲಾ ರೇಡಿಯೇಟರ್ ನೀರು.

ನಮ್ಮೂರಿನ ಒಬ್ಬ ಹಿರಿಯ ಮೇಸ್ತ್ರಿ ಇದನ್ನು ಹಿಡಿದದ್ದು ಮೂಗಿನಿಂದ. ಕಡ್ಡಿ ಎಳೆದು ಮೂಗಿನ ಹತ್ತಿರ ತಂದರು. "ನೋಡ್ರಿ, ಇದು ಆಯಿಲ್ ವಾಸನೆ ಏನ್ರಿ?" ಅಂತ ನನ್ನ ಕೈಗೆ ಕೊಟ್ಟರು. ಬಂಕಿನಲ್ಲಿ ನಿಂತ ಹಾಗೆ ಪೆಟ್ರೋಲ್ ವಾಸನೆ. ಆಮೇಲೆ ದಿನಪತ್ರಿಕೆಯ ಖಾಲಿ ಅಂಚಿನ ಮೇಲೆ ಒಂದು ಹನಿ ಬಿಟ್ಟರು. ಅದರ ಪಕ್ಕದಲ್ಲೇ ಡಬ್ಬಿಯಲ್ಲಿದ್ದ ಹೊಸ ಆಯಿಲ್‌ನ ಒಂದು ಹನಿ. ಟೀ ಕುಡಿದು ಬಂದು ನೋಡಿದೆವು. ಹೊಸ ಆಯಿಲ್ ಬಿದ್ದ ಜಾಗದಲ್ಲೇ ದುಂಡಗೆ ಕೂತಿತ್ತು. ನನ್ನದು ನಡುವೆ ಕಪ್ಪಗೆ, ಅದರ ಸುತ್ತ ಅಗಲವಾದ ತೆಳು ಹಳದಿ ಉಂಗುರ. ಆ ಉಂಗುರವೇ ಪೆಟ್ರೋಲ್ ಬೆರೆತದ್ದರ ಗುರುತು. ಖರ್ಚಿಲ್ಲದ ಈ ಪರೀಕ್ಷೆಯನ್ನು ನಾನು ಈಗಲೂ ತಿಂಗಳಿಗೊಮ್ಮೆ ಮಾಡುತ್ತೇನೆ.

ವಾಸನೆ ಬಂದರೆ ಹುಡುಕಬೇಕಾದ ಜಾಗಗಳು ಇವು: ಕಾರ್ಬುರೇಟರ್ ಗಾಡಿಗಳಲ್ಲಿ ಕ್ಯಾಮ್ ಶಾಫ್ಟಿನಿಂದ ಓಡುವ ಮೆಕ್ಯಾನಿಕಲ್ ಪಂಪ್, ಕಾರ್ಬುರೇಟರಿನ ಫ್ಲೋಟ್ ಸೂಜಿ, ವಾಪಸ್ ಹೋಗದೆ ಸಿಕ್ಕಿಕೊಂಡ ಚೋಕ್, ಕಿಡಿ ಕೊಡದ ಪ್ಲಗ್. ಪಂಪ್ ಬಿಚ್ಚಿ ಲಿವರ್ ಇರುವ ಬದಿ ನೋಡಿ. ಅಲ್ಲಿ ಪೆಟ್ರೋಲ್ ಒದ್ದೆ ಇದ್ದರೆ ಡಯಾಫ್ರಮ್ ಹೋಗಿದೆ. ಪಂಪ್ ಬದಲಾಯಿಸಿ, ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಹೊಸದು ಹಾಕಿ. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ, ಬೆಂಕಿಯ ಅಪಾಯವೂ ಇದೆ. ಹತ್ತಿರ ಬೀಡಿ, ಸಿಗರೇಟು ಬೇಡವೇ ಬೇಡ.

ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ನೋಡಿಸಿ. ಆಯಿಲ್ ಸುರಿಯುವ ಬಾಯಿಯ ಮುಚ್ಚಳದ (ಫಿಲ್ಲರ್ ಕ್ಯಾಪ್) ಅಡಿ ಮಾತ್ರ ತೆಳ್ಳಗೆ ಬೆಳ್ಳನೆ ಕೆನೆ ಇದ್ದು, ಕಡ್ಡಿಯಲ್ಲಿ ಆಯಿಲ್ ಶುದ್ಧವಾಗಿದ್ದರೆ ಗಾಬರಿ ಬೇಡ. ಮಳೆಗಾಲದಲ್ಲಿ ಬರೀ ಮಾರ್ಕೆಟ್‌ಗೆ, ಸ್ಕೂಲಿಗೆ ಅಂತ ಎರಡೆರಡು ಕಿಲೋಮೀಟರ್ ಓಡುವ ಗಾಡಿಗಳಲ್ಲಿ ಹಾಗಾಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹರಿಹರದವರೆಗೆ ಒಮ್ಮೆ ಹೋಗಿ ಬನ್ನಿ. ಕೆನೆ ಹೋದರೆ ಸರಿ. ಹೋಗದೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಗ್ಯಾಸ್ಕೆಟ್ಟೇ.

ಬಣ್ಣ ಕಪ್ಪಾಗಿದೆ ಅನ್ನುವುದು ಒಂದೇ ಕಾರಣಕ್ಕೆ ಆಯಿಲ್ ಚೆಲ್ಲಬೇಡಿ. ಕೊಳೆಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ. ಡೀಸೆಲ್ ಗಾಡಿಯಲ್ಲಂತೂ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಬೆರಳುಗಳ ನಡುವೆ ಉಜ್ಜಿ ನೋಡಿ. ಮರಳಿನ ಹಾಗೆ ಚುಚ್ಚಿದರೆ ಅದು ಯೋಚಿಸಬೇಕಾದ ವಿಷಯ. ನಮ್ಮ ಕಡೆ ಮೆಕ್ಕೆಜೋಳದ ಕಾಲದಲ್ಲಿ ರಸ್ತೆಯೆಲ್ಲಾ ಧೂಳು. ಏರ್ ಫಿಲ್ಟರ್ ಸರಿಯಾಗಿ ಕೂತಿಲ್ಲ ಅಂದರೆ ಆ ಧೂಳು ನೇರವಾಗಿ ಸಿಲಿಂಡರಿಗೆ ಹೋಗಿ ಆಯಿಲ್‌ಗೆ ಸೇರುತ್ತದೆ.

ಕೆಂಪು ದೀಪ ಮಿಣುಕಿದರೆ

ಈ ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಒತ್ತಡ ಎಷ್ಟಿದೆ ಅಂತ ಹೇಳುತ್ತದೆ. ಅದೂ ಕೊನೇ ಗಳಿಗೆಯಲ್ಲಿ. ಸಾಮಾನ್ಯವಾಗಿ ಒತ್ತಡ 4ರಿಂದ 7 ಪಿಎಸ್ಐಗೆ ಇಳಿದಾಗ ದೀಪ ಹತ್ತುತ್ತದೆ. ಓಡುತ್ತಿರುವಾಗ ದೀಪ ಪೂರ್ತಿ ಹತ್ತಿ ನಿಂತರೆ ಆಗಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಇನ್ನೇನು ಊರು ಬಂತು" ಅಂತ ಎರಡು ಕಿಲೋಮೀಟರ್ ಓಡಿಸಿದರೂ ಕ್ರ್ಯಾಂಕ್ ಹೋಗಬಹುದು.

ಐಡ್ಲಿಂಗಿನಲ್ಲಿ, ಎಂಜಿನ್ ಬಿಸಿ ಇದ್ದಾಗ ಮಾತ್ರ ಮಿಣುಕಿದರೆ ಮಟ್ಟ ಮತ್ತು ವಾಸನೆ ನೋಡಿದ ಮೇಲೆ ವೈರ್ ನೋಡಿ. ಪ್ರೆಶರ್ ಸ್ವಿಚ್ಚಿನ ವೈರ್ ಕಳಚಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ಆನ್ ಮಾಡಿ. ವೈರ್ ಕಳಚಿದ ಮೇಲೂ ದೀಪ ಹತ್ತಿದ್ದರೆ ಆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ, ಎಂಜಿನ್ ತಪ್ಪಿಲ್ಲ. ದೀಪ ಆರಿದರೆ ವೈರ್ ಸರಿ ಇದೆ. ಮುಂದಿನದು ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಪ್ರೆಶರ್ ಗೇಜ್ ಹಾಕಿ ಅಳೆಯುವುದು. ಇದನ್ನು ಮಾಡದೆ ಯಾರಾದರೂ "ಎಂಜಿನ್ ಇಳಿಸಬೇಕು" ಅಂದರೆ ಒಪ್ಪಬೇಡಿ. ಗೇಜ್ ಹಾಕಿ ನೋಡಲು ಅರ್ಧ ಗಂಟೆ ಸಾಕು. ಎಂಜಿನ್ ಪೂರ್ತಿ ಬಿಸಿ ಇದ್ದಾಗ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್ಐ ಅನ್ನುವುದು ಮೆಕ್ಯಾನಿಕ್‌ಗಳ ಅಂದಾಜಿನ ಲೆಕ್ಕ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೆ ಅದರಲ್ಲಿರುವ ಅಂಕಿಯೇ ಪ್ರಮಾಣ.

ಗೇಜಿನಲ್ಲಿ ಒತ್ತಡ ಸರಿ ಇದ್ದರೆ ಸ್ವಿಚ್ ಬದಲಾಯಿಸಿ, ಮುಗಿಯಿತು. ಒತ್ತಡ ನಿಜವಾಗಿಯೂ ಕಡಿಮೆ ಇದ್ದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿ (ಚೇಂಬರ್) ಬಿಚ್ಚಿ, ಆಯಿಲ್ ಸೋಸುವ ಜಾಲರಿ (ಸ್ಟ್ರೈನರ್) ನೋಡಿಸಿ. ವರ್ಷಗಟ್ಟಲೆ ಆಯಿಲ್ ಬದಲಾಯಿಸದ ಎಂಜಿನ್‌ನಲ್ಲಿ ಅಲ್ಲಿ ಗ್ರೀಸಿನಂಥ ಕೆಸರು ಕಟ್ಟಿಕೊಂಡಿರುತ್ತದೆ. ಸ್ಟ್ರೈನರ್ ಶುದ್ಧವಾಗಿದ್ದರೆ ಆಯಿಲ್ ಪಂಪ್ ಅಥವಾ ಬೇರಿಂಗ್ ಸವೆದಿದೆ. ಬೇರಿಂಗ್ ಸವೆದಾಗ ದಪ್ಪ ಆಯಿಲ್ ಸ್ವಲ್ಪ ಕಾಲ ಗಾಡಿ ಓಡಿಸುತ್ತದೆ, ನಿಜ. ಆ ಕಾಲವನ್ನು ದುಡ್ಡು ಹೊಂದಿಸಿಕೊಳ್ಳುವುದಕ್ಕೆ ಬಳಸಿ. ವಾಸಿಯಾಯಿತು ಅಂತ ಮರೆತುಬಿಡಬೇಡಿ.

ಆಯಿಲ್ ಕಡಿಮೆಯಾಗುತ್ತಿದ್ದರೆ

ಎರಡೇ ದಾರಿ. ಒಂದೋ ಸೋರುತ್ತಿದೆ, ಇಲ್ಲಾ ಉರಿಯುತ್ತಿದೆ.

ಸೋರಿಕೆ ಹಿಡಿಯುವುದು ಸುಲಭ. ರಾತ್ರಿ ಎಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿ. ರಟ್ಟಿನ ಮೇಲೆ ಮುಂದಿನ ಚಕ್ರಗಳ ಜಾಗ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ಅನ್ನುವುದರಿಂದ ಜಾಗ ತಿಳಿಯುತ್ತದೆ. ಗಾಳಿಗೆ ಆಯಿಲ್ ಹಿಂದಕ್ಕೆ ಹರಡುತ್ತದೆ, ಅದಕ್ಕೇ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನೇ ಮೊದಲು ನೋಡಿ. ಹಳೇ ಗಾಡಿಗಳಲ್ಲಿ ಬಹಳ ಸಲ ವಾಲ್ವ್ ಕವರ್ ಗ್ಯಾಸ್ಕೆಟ್ ಗಟ್ಟಿಯಾಗಿ ಸೀಳಿರುತ್ತದೆ. ಎಲ್ಲ ಸೀಲುಗಳಿಂದಲೂ ಒಟ್ಟಿಗೆ ಒಸರುತ್ತಿದ್ದರೆ ಪಿಸಿವಿ ವಾಲ್ವ್ ಕಟ್ಟಿಕೊಂಡಿರಬಹುದು. ಒಳಗಿನ ಹಬೆಗೆ ಹೊರಹೋಗುವ ದಾರಿ ಇಲ್ಲದೆ ಅದು ಸೀಲುಗಳನ್ನು ತಳ್ಳುತ್ತದೆ. ಸಣ್ಣ ವಾಲ್ವ್, ಕಡಿಮೆ ಬೆಲೆ, ಆದರೂ ಯಾರೂ ನೋಡುವುದಿಲ್ಲ.

ಉರಿಯುತ್ತಿದೆಯಾ ಅಂತ ತಿಳಿಯಲು ಹೊಗೆ ನೋಡಿ. ಆಯಿಲ್ ಉರಿದರೆ ಹೊಗೆ ನೀಲಿ ಛಾಯೆಯಲ್ಲಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿವೆ. ರಾತ್ರಿ ಅದರ ಮೂಲಕ ಇಳಿದ ಆಯಿಲ್ ಬೆಳಿಗ್ಗೆ ಉರಿಯುತ್ತದೆ. ಜೋಗಿಮಟ್ಟಿ ಗುಡ್ಡ ಹತ್ತುವಾಗ, ಎಂಜಿನ್‌ಗೆ ಭಾರ ಬಿದ್ದಾಗ ಒಂದೇ ಸಮನೆ ಬಂದರೆ ಪಿಸ್ಟನ್ ರಿಂಗ್. ಅದೇ ಗುಡ್ಡ ಗೇರಿನಲ್ಲಿ ಇಳಿದು, ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದ ತಕ್ಷಣ ಮೋಡದ ಹಾಗೆ ಬಂದರೆ ವಾಲ್ವ್ ಗೈಡ್ ಅಥವಾ ಸೀಲ್. ಹಿಂದೆ ಇನ್ನೊಂದು ಗಾಡಿಯಲ್ಲಿ ಬರುವ ಸ್ನೇಹಿತರಿಗೆ ನೋಡಲು ಹೇಳಿ, ಕನ್ನಡಿಯಲ್ಲಿ ಸರಿಯಾಗಿ ಕಾಣುವುದಿಲ್ಲ.

ರಿಂಗ್ ಅಥವಾ ವಾಲ್ವ್ ಅನ್ನುವುದನ್ನು ಖಚಿತ ಮಾಡಲು ಕಂಪ್ರೆಶನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಮಾಡಿಸಿ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಒತ್ತಡ ಏರಿದರೆ ರಿಂಗ್ ಸವೆದಿವೆ, ಆಯಿಲ್ ಆ ಸಂದು ಮುಚ್ಚಿತು ಅಂತ ಅರ್ಥ. ಏರದಿದ್ದರೆ ಬಹುಶಃ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ವಾಲ್ವ್ ಕೆಲಸ ಮಾಡಿಸುವುದಕ್ಕೂ, ಎಂಜಿನ್ ಇಳಿಸಿ ಬೋರ್ ಮಾಡಿಸುವುದಕ್ಕೂ ಖರ್ಚಿನಲ್ಲಿ ಬಹಳ ವ್ಯತ್ಯಾಸ ಇದೆ. ಆ ವ್ಯತ್ಯಾಸ ನಿಂತಿರುವುದು ಈ ಒಂದು ಚಮಚದ ಮೇಲೆ.

1000 ಕಿಲೋಮೀಟರಿಗೆ ಕಾಲು ಲೀಟರ್ ಕುಡಿದರೆ ಹಳೇ ಎಂಜಿನ್‌ಗೆ ಅದು ರೋಗವಲ್ಲ. ತುಂಬಿಸಿಕೊಂಡು ಓಡಿಸಿ. ಲೀಟರ್ ಹತ್ತಿರ ಹೋದರೆ ರಿಪೇರಿಯ ಯೋಚನೆ ಮಾಡಿ.

ಟಕ ಟಕ ಸದ್ದು

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಎರಡು ಮೂರು ಸೆಕೆಂಡ್ ಟಕಟಕ ಅಂದು ನಿಂತರೆ ಆಯಿಲ್ ಮೇಲಕ್ಕೆ ತಲುಪಲು ತಡ ಆಗುತ್ತಿದೆ. ಕಳಪೆ ಫಿಲ್ಟರ್ ಇರಬಹುದು. ಅದರೊಳಗಿನ ರಬ್ಬರ್ ವಾಲ್ವ್ ಕೆಟ್ಟರೆ ರಾತ್ರಿ ಆಯಿಲ್ ಎಲ್ಲಾ ಚೇಂಬರಿಗೆ ಇಳಿದುಬಿಡುತ್ತದೆ. ತೀರಾ ದಪ್ಪ ಆಯಿಲ್ ಹಾಕಿದಾಗಲೂ ಹೀಗಾಗುತ್ತದೆ. ಸದ್ದು ಎಂಜಿನ್ ಬಿಸಿಯಾದ ಮೇಲೂ ಇದ್ದರೆ ಟ್ಯಾಪೆಟ್ (ವಾಲ್ವ್ ತೆರೆಯುವ ಭಾಗದ ಸಂದು) ಹೊಂದಿಸಬೇಕು. ಸಂದು ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ಹಿಡಿದು ಮಾಡುವ ಕೆಲಸ ಅದು, ಆಯಿಲ್ ಬದಲಾಯಿಸಿ ಆಗುವುದಲ್ಲ. ಸದ್ದು ಕೆಳಗಿನಿಂದ, ಗುದ್ದಿದ ಹಾಗೆ ದಪ್ಪಗೆ ಬಂದರೆ ಬೇರಿಂಗ್. ಗಾಡಿ ನಿಲ್ಲಿಸಿ, ಎಳೆಸಿಕೊಂಡು ಹೋಗಿ.

ಈಗ ಆಯಿಲ್ ಆರಿಸೋಣ

ದೋಷ ಹಿಡಿದಾಯಿತು, ರಿಪೇರಿ ಆಯಿತು. ಅಥವಾ ದೋಷ ಇಲ್ಲ ಅಂತ ಖಾತ್ರಿ ಆಯಿತು. ಈಗ ಡಬ್ಬಿ ಕೈಗೆತ್ತಿಕೊಳ್ಳಿ.

20ಡಬ್ಲ್ಯು-40 ಅಂತ ಬರೆದಿದ್ದರೆ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸರಾಗ ಅನ್ನುವುದನ್ನು ಹೇಳುತ್ತದೆ. 20ಡಬ್ಲ್ಯು ಆಯಿಲ್ ಅನ್ನು ಸ್ಟಾರ್ಟಿಂಗ್ ಪರೀಕ್ಷೆಗೆ ಒಡ್ಡುವುದು ಮೈನಸ್ 15 ಡಿಗ್ರಿಯಲ್ಲಿ. ದಾವಣಗೆರೆ, ಚಿತ್ರದುರ್ಗದಲ್ಲಿ ಡಿಸೆಂಬರ್ ಚಳಿಯಲ್ಲೂ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಹಾಗಾಗಿ ನಮಗೆ 5ಡಬ್ಲ್ಯು ಇಲ್ಲದೆ ಗಾಡಿ ನಿಂತುಹೋಗುವುದಿಲ್ಲ.

ಎರಡನೇ ಅಂಕಿಯೇ ಮುಖ್ಯ. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವುದು. ಸೆಂಟಿಸ್ಟೋಕ್ (ಆಯಿಲ್ ದಪ್ಪ ಅಳೆಯುವ ಮಾನ) ಲೆಕ್ಕದಲ್ಲಿ 30ರ ಆಯಿಲ್ 9.3ರಿಂದ 12.5ರ ಒಳಗೆ, 40ರದ್ದು 12.5ರಿಂದ 16.3ರ ಒಳಗೆ, 50ರದ್ದು 16.3ರಿಂದ 21.9ರ ಒಳಗೆ ಇರಬೇಕು. 40ರಿಂದ 50ಕ್ಕೆ ಹೋಗುವುದು ಸಣ್ಣ ಹೆಜ್ಜೆಯಲ್ಲ ಅಂತ ಇದರಲ್ಲೇ ಕಾಣುತ್ತದೆ.

"ನಮ್ಮಲ್ಲಿ ಬಿಸಿಲು ಜಾಸ್ತಿ, ಅದಕ್ಕೆ ದಪ್ಪ ಆಯಿಲ್ ಬೇಕು" ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೀರಿ. ಇದರಲ್ಲಿ ಅರ್ಧ ಮಾತ್ರ ನಿಜ. ಹೊರಗೆ 25 ಇರಲಿ 40 ಇರಲಿ, ಥರ್ಮೋಸ್ಟಾಟ್ ಎಂಜಿನ್ ಬಿಸಿಯನ್ನು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಇಡುತ್ತದೆ. ಆಯಿಲ್ ಬಿಸಿ ಏರುವುದು ಹೈವೇಯಲ್ಲಿ ಜೋರಾಗಿ ಬಹಳ ಹೊತ್ತು ಓಡಿಸಿದಾಗ, ಭಾರ ಹಾಕಿಕೊಂಡು ಏರು ಹತ್ತಿದಾಗ. ಹಳೇ ಗಾಡಿಗಳಲ್ಲಿ ಥರ್ಮೋಸ್ಟಾಟ್ ಕಿತ್ತು ಬಿಸಾಡಿರುವುದನ್ನೂ ನೋಡಿದ್ದೇನೆ. ಅದನ್ನು ವಾಪಸ್ ಹಾಕಿಸಿ. ತಣ್ಣಗೆ ಓಡುವ ಎಂಜಿನ್‌ನಲ್ಲಿ ಆಯಿಲ್ ಬೇಗ ಕೆಡುತ್ತದೆ.

ನನ್ನ ಅಭಿಪ್ರಾಯ ಹೀಗಿದೆ. ಕಾರ್ಬುರೇಟರ್ ಕಾಲದ ಪೆಟ್ರೋಲ್ ಗಾಡಿ, ಆರೋಗ್ಯ ಸರಿ ಇದೆ ಅಂದರೆ 20ಡಬ್ಲ್ಯು-40 ಅಥವಾ 15ಡಬ್ಲ್ಯು-40 ಮಿನರಲ್ ಆಯಿಲ್ ಸಾಕು. ಅಂಬಾಸಡರ್, ಪದ್ಮಿನಿಯಂಥ ಗಾಡಿಗೆ, ಅಥವಾ ಲಕ್ಷಾಂತರ ಕಿಲೋಮೀಟರ್ ಓಡಿ ಗೇಜಿನಲ್ಲಿ ಒತ್ತಡ ಸ್ವಲ್ಪ ಕಡಿಮೆ ಕಾಣುವ ಎಂಜಿನ್‌ಗೆ 20ಡಬ್ಲ್ಯು-50. 2000ದ ಆಚೆಯ ಇಂಜೆಕ್ಷನ್ ಗಾಡಿಗೆ ಮ್ಯಾನ್ಯುಯಲ್‌ನಲ್ಲಿ 10ಡಬ್ಲ್ಯು-30 ಅಂತಿದ್ದರೆ ಅದೇ ಹಾಕಿ, ಸ್ವಲ್ಪ ಆಯಿಲ್ ಕುಡಿಯಲು ಶುರು ಮಾಡಿದ್ದರೆ ಮಾತ್ರ 40ಕ್ಕೆ ಹೋಗಿ. ಮ್ಯಾನ್ಯುಯಲ್ ಕಳೆದಿದ್ದರೆ ಅದೇ ಮಾಡೆಲ್ ಇರುವವರನ್ನು ಕೇಳಿ ಒಂದು ಪುಟ ಜೆರಾಕ್ಸ್ ಮಾಡಿಸಿಕೊಳ್ಳಿ.

ಇನ್ನು ಎಪಿಐ ಅಕ್ಷರಗಳು, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಗೊತ್ತುಮಾಡಿದ ದರ್ಜೆಯ ಗುರುತು. ಪೆಟ್ರೋಲ್ ಗಾಡಿಗೆ ಎಸ್ ಇಂದ ಶುರುವಾಗುವುದು, ಡೀಸೆಲ್‌ಗೆ ಸಿ ಇಂದ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎಂ 2004ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ. ಹಳೇ ಗಾಡಿಯವರಿಗೆ ಒಂದು ಚಿಂತೆ ಇದೆ. ಹೊಸ ಆಯಿಲ್‌ಗಳಲ್ಲಿ ಜಿಂಕ್-ಫಾಸ್ಫರಸ್ ಸಂಯುಕ್ತ ಕಡಿಮೆ ಮಾಡಿದ್ದಾರೆ, ಹಳೇ ಕ್ಯಾಮ್‌ಗಳಿಗೆ ಅದು ಬೇಕು ಅಂತ. ಆ ಸಂಯುಕ್ತ ಲೋಹಕ್ಕೆ ಲೋಹ ಉಜ್ಜುವ ಜಾಗದಲ್ಲಿ ಸವೆತ ತಡೆಯುತ್ತದೆ. ಚಿಂತೆಗೆ ಕಾರಣ ಇದೆ. ಆದರೆ ಎಸ್‌ಎನ್ ದರ್ಜೆಯ 0.08 ಶೇಕಡಾ ಫಾಸ್ಫರಸ್ ಮಿತಿ ಇರುವುದು 5ಡಬ್ಲ್ಯು-30, 10ಡಬ್ಲ್ಯು-30ರಂಥ ತೆಳು ಗ್ರೇಡುಗಳಿಗೆ. 15ಡಬ್ಲ್ಯು-40, 20ಡಬ್ಲ್ಯು-50ರಂಥ ದಪ್ಪ ಗ್ರೇಡುಗಳಿಗೆ ಆ ಮೇಲ್ಮಿತಿ ಇಲ್ಲ. ಹಾಗಾಗಿ ಸರಿಯಾದ ಗ್ರೇಡ್ ಆರಿಸಿದರೆ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ನಮ್ಮದು ಲಾರಿಗಳ ಊರು. ಲಾರಿಗೆ ಹಾಕುವ 15ಡಬ್ಲ್ಯು-40 ಬಕೆಟ್ಟಿನಿಂದಲೇ ಕಾರಿಗೂ ಸುರಿಯುವುದು ನಡೆಯುತ್ತದೆ. ಆ ಡಬ್ಬಿಯ ಮೇಲೆ ಸಿಐ-4 ಜೊತೆಗೆ ಎಸ್‌ಎಲ್ ಅಂತಲೂ ಬರೆದಿದ್ದರೆ ಪೆಟ್ರೋಲ್ ಕಾರಿಗೆ ಹಾಕಬಹುದು. ಎಸ್ ಅಕ್ಷರವೇ ಇಲ್ಲದಿದ್ದರೆ ಬೇಡ. ಬೈಕಿನ ಆಯಿಲ್ ಕ್ಲಚ್ಚೂ ಅದರಲ್ಲೇ ಮುಳುಗಿರುವ ಎಂಜಿನ್‌ಗೆ ಮಾಡಿದ್ದು. ದಾರಿಯಲ್ಲಿ ಬೇರೇನೂ ಸಿಗದೆ ಕಾಲು ಲೀಟರ್ ಹಾಕಿದರೆ ಪರವಾಗಿಲ್ಲ, ಅದನ್ನೇ ರೂಢಿ ಮಾಡಿಕೊಳ್ಳಬೇಡಿ. ಬೇರೆ ಕಂಪನಿಯ ಅದೇ ಗ್ರೇಡ್ ಬೆರೆಸಿದರೆ ಏನೂ ಆಗುವುದಿಲ್ಲ.

ಫ್ಲಶಿಂಗ್ ಆಯಿಲ್ ಬಗ್ಗೆ ಮಾತ್ರ ನಾನು ಕಟ್ಟುನಿಟ್ಟು. ವರ್ಷಗಟ್ಟಲೆ ಕೆಸರು ಕಟ್ಟಿದ ಎಂಜಿನ್‌ಗೆ ಅದನ್ನು ಹಾಕಿದರೆ ಗಟ್ಟಿ ಚೂರುಗಳು ಕಿತ್ತು ಬಂದು ಸ್ಟ್ರೈನರ್ ಮುಚ್ಚಬಹುದು. ಅದರ ಬದಲು ಕಡಿಮೆ ಬೆಲೆಯ ಒಳ್ಳೇ ಆಯಿಲ್ ಹಾಕಿ, 1500 ಕಿಲೋಮೀಟರಿಗೇ ಇಳಿಸಿ, ಇನ್ನೊಮ್ಮೆ ಹಾಗೇ ಮಾಡಿ. ನಿಧಾನವಾಗಿ ತೊಳೆದುಹೋಗುತ್ತದೆ. ಆಮೇಲೆ 5000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದಕ್ಕೆ ಬದಲಾಯಿಸಿ. ಪ್ರತಿ ಸಲವೂ ಫಿಲ್ಟರ್ ಹೊಸದಿರಲಿ.

ಬದಲಾಯಿಸುವಾಗ ಪಕ್ಕದಲ್ಲೇ ನಿಂತಿರಿ. ಡಬ್ಬಿಯ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಎಂಜಿನ್ ಬೆಚ್ಚಗಿರುವಾಗ ಡ್ರೈನ್ ಬೋಲ್ಟ್ ಬಿಚ್ಚಿಸಿ, ಹನಿ ನಿಲ್ಲುವವರೆಗೆ ಕಾಯಿರಿ. ಬೋಲ್ಟಿನ ತುದಿ ನೋಡಿ. ಬೂದಿಯಂಥ ನುಣುಪು ಪುಡಿ ಇದ್ದರೆ ಮಾಮೂಲಿ ಸವೆತ. ಮಿಂಚುವ ಚೂರುಗಳಿದ್ದರೆ ಬೇರಿಂಗ್ ನೋಡಿಸಿ. ವಾಷರ್ ಹೊಸದು ಹಾಕಿಸಿ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಒಂದಿಷ್ಟು ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಿಸಿ. ಹಳೇ ಫಿಲ್ಟರಿನ ರಬ್ಬರ್ ಎಂಜಿನ್‌ಗೆ ಅಂಟಿಕೊಂಡು ಉಳಿದಿಲ್ಲ ತಾನೆ ಅಂತ ಮೊದಲೇ ನೋಡಿಬಿಡಿ, ಎರಡು ರಬ್ಬರ್ ಸೇರಿದರೆ ಆಯಿಲ್ ಎಲ್ಲಾ ರಸ್ತೆ ಪಾಲು. ಇಳಿಸಿದ ಆಯಿಲ್ ಚರಂಡಿಗೆ ಬೇಡ, ಡಬ್ಬಿಯಲ್ಲಿ ತುಂಬಿಸಿ ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಹೊಸದು ತುಂಬಿದ ಮೇಲೆ ಸ್ಟಾರ್ಟ್ ಮಾಡಿ, ರೇಸ್ ಕೊಡಬೇಡಿ. ಕೆಂಪು ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು. ಎರಡು ನಿಮಿಷ ಓಡಿಸಿ ಆಫ್ ಮಾಡಿ, ಕೆಳಗೆ ಬಗ್ಗಿ ಬೋಲ್ಟ್ ಮತ್ತು ಫಿಲ್ಟರ್ ಒಣಗಿವೆಯಾ ನೋಡಿ. ಐದು ನಿಮಿಷ ಬಿಟ್ಟು ಕಡ್ಡಿ ಎಳೆಯಿರಿ. ಹೊಸ ಫಿಲ್ಟರ್ ಒಂದಿಷ್ಟು ಕುಡಿದಿರುತ್ತದೆ, ಅಷ್ಟನ್ನು ತುಂಬಿಸಿ. ಕಿಲೋಮೀಟರ್, ತಾರೀಕು, ಗ್ರೇಡ್ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿ. ಒಂದು ವಾರ ಬಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಮಟ್ಟ ನೋಡಿ, ವಾಸನೆ ನೋಡಿ.